ನವಿ ಪೇಠ: ಬೀದಿ ಬೆಳೆದ ಬಗೆ, ಬಾಗಿಲು ಮುಚ್ಚಿದ ಬಗೆ

ಊರಿನ ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯ ಕಡೆಗೆ, ಕೋಟೆಯ ಬುರುಜುಗಳ ಕಡೆಗೆ ಹರಿಯುತ್ತದೆ. ಜನಸಾಮಾನ್ಯರು ಬದುಕಿದ ಬಗೆಯನ್ನು ಅರಿಯಬೇಕಾದರೆ ಊರಿನ ಬೀದಿಗಳನ್ನೂ ಓದಬೇಕು. ಸೊಲ್ಲಾಪುರದ ನವಿ ಪೇಠ ಹಾಗೆ ಓದತಕ್ಕ ಒಂದು ಪುಟ. ನವಿ ಪೇಠವೆಂದರೆ ಹೊಸ ಪೇಟೆ. ಹೆಸರು ಹೊಸದಾಗಿಯೇ ಉಳಿದಿದೆ, ಪೇಟೆ ಹಳೆಯದಾಗಿದೆ. ಇಂದು ಅಲ್ಲಿ ಹಬ್ಬದ ದಿನಗಳಲ್ಲಿ ಹೆಜ್ಜೆಯಿಡಲು ಇಂಬಿಲ್ಲ. ಅದೇ ಬೀದಿಯ ಮೇಲಂತಸ್ತುಗಳಲ್ಲಿ, ಒಳಸಂದಿಗಳಲ್ಲಿ ಬೀಗ ಬಿದ್ದ ಅಂಗಡಿಗಳೂ ಕಾಣುತ್ತವೆ. ದಟ್ಟಣೆ ಮತ್ತು ಬರಿದುತನ ಒಂದೇ ಕಡೆ ಕೂಡಿ ಬಂದುದು ಹೇಗೆಂಬುದನ್ನು ಈ ಬರಹದಲ್ಲಿ ವಿಚಾರಿಸೋಣ.

ಸೊಲ್ಲಾಪುರದ ಮೊದಲ ಊರುಕಟ್ಟುವಿಕೆಯನ್ನು ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರಿಂದಲೇ ಎಣಿಸಬೇಕು. ಅಂದಿನ ಸೊನ್ನಲಿಗೆಯಲ್ಲಿ ಅವರು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರೆಂಬುದು ಪರಂಪರೆ. ಪ್ರತಿ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಈ ಲಿಂಗಗಳನ್ನು ಸುತ್ತಿ ಬರುತ್ತವೆ. ಧ್ವಜಗಳು ಹಾಯಲೆಂದು ದಾರಿಯ ಅಡೆತಡೆಗಳನ್ನು ಮೊದಲೇ ತೆರವು ಮಾಡುತ್ತಾರೆ. ರಸ್ತೆ ಎಲ್ಲರದು, ಅದನ್ನು ತೆರೆದಿಡುವುದು ಊರಿನ ಹೊಣೆ ಎಂಬ ಪಾಠ ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆ ನಾವು ಅದನ್ನು ಆಚರಿಸುತ್ತಲೇ ಬಂದಿದ್ದೇವೆ.

ಬಹಮನಿ ಕಾಲದ ಕೋಟೆಯ ಆಸರೆಯಲ್ಲಿ ಬೆಳೆದ ಊರಿಗೆ ಪ್ರತ್ಯೇಕ ಗೋಡೆಯಿತ್ತು, ಅಗಸೆಗಳಿದ್ದವು. ಬಾಳಿವೇಸ್, ತುಳಜಾಪುರ ವೇಸ್, ವಿಜಾಪುರ ವೇಸ್ ಎಂಬ ಹೆಸರುಗಳಲ್ಲಿ ಆ ಅಗಸೆಗಳ ನೆನಪು ಉಳಿದಿದೆ. 1852ರಲ್ಲಿ ನಗರಸಭೆ ಸ್ಥಾಪನೆಯಾಯಿತು. ಊರು ಹರಡಲು ಇಂಬಾಗಲೆಂದು 1872ರ ಸುಮಾರಿಗೆ ಗೋಡೆಯ ಹಲವು ಭಾಗಗಳನ್ನು ಕೆಡವಲಾಯಿತು. ಮಂಗಳವಾರ ಪೇಠ, ಶುಕ್ರವಾರ ಪೇಠಗಳಿಗೆ ವಾರದ ಹೆಸರು. ಸಾಖರ ಪೇಠಕ್ಕೆ ಸರಕಿನ ಹೆಸರು. ಬೀದಿ ಮತ್ತು ವ್ಯಾಪಾರ ಬೇರೆ ಬೇರೆ ಎಂಬ ಎಣಿಕೆಯೇ ಆಗ ಇರಲಿಲ್ಲ.

ಊರಿನ ದಿಕ್ಕನ್ನು ಬದಲಿಸಿದ್ದು ರೈಲು. 1860ರಲ್ಲಿ ಮುಂಬಯಿಯ ಕಡೆಯಿಂದ ಹಳಿ ಸೊಲ್ಲಾಪುರವನ್ನು ಮುಟ್ಟಿತು; 1871ರಲ್ಲಿ ರಾಯಚೂರಿನವರೆಗೆ ಸಾಗಿ ಮದರಾಸಿನ ಹಳಿಯನ್ನು ಕೂಡಿತು. 1877ರಲ್ಲಿ ನೂಲು-ನೇಯ್ಗೆಯ ಮೊದಲ ಗಿರಣಿ, ಜನರ ಬಾಯಲ್ಲಿ 'ಜುನಿ ಮಿಲ್', ಕೆಲಸ ಆರಂಭಿಸಿತು. 1898ರಲ್ಲಿ ಲಕ್ಷ್ಮೀ ಮಿಲ್, 1908ರಲ್ಲಿ ವಿಷ್ಣು ಮಿಲ್ ಬಂದವು. ಹಳೆಯ ಊರಿಗೂ ರೈಲು ನಿಲ್ದಾಣಕ್ಕೂ ನಡುವೆ ಇದ್ದ ನವಿ ಪೇಠಕ್ಕೆ ಇದರಿಂದ ಬೆಲೆ ಬಂದಿತು. ಗಿರಣಿಯ ಕೂಲಿಯವರು, ಗಾಡಿಯಿಳಿದ ಹಳ್ಳಿಯವರು, ಕಚೇರಿಗೆ ಬಂದವರು ಕಾಲ್ನಡಿಗೆಯಲ್ಲಿಯೇ ಅಲ್ಲಿಗೆ ತಲುಪುತ್ತಿದ್ದರು. ಆ ಬೀದಿಗಳ ಅಗಲ ಟಾಂಗಾ, ಎತ್ತಿನ ಗಾಡಿ ಮತ್ತು ನಡೆಯುವ ಮನುಷ್ಯನ ಅಳತೆಗೆ ತಕ್ಕದ್ದು.

ಅಕ್ಕಲಕೋಟೆಯವರ ಪಾಲಿಗೆ ಈ ಪೇಟೆಯ ಮಹತ್ವ ಇನ್ನೂ ಹೆಚ್ಚು. ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಆ ಊರನ್ನು ರೈಲು ನೇರವಾಗಿ ಮುಟ್ಟಲಿಲ್ಲ. ಊರಿನಿಂದ ಹತ್ತು ಕಿಲೋಮೀಟರಿಗೂ ಹೆಚ್ಚು ದೂರದ 'ಅಕ್ಕಲಕೋಟ ರೋಡ್' ನಿಲ್ದಾಣವೇ ಗತಿಯಾಯಿತು. ಹೀಗಾಗಿ ಸೊಲ್ಲಾಪುರದ ರಸ್ತೆಯೇ ತಾಲೂಕಿಗೆ ಜೀವನಾಡಿ. ಮದುವೆಯ ಜವಳಿಗೆ, ಪಠ್ಯಪುಸ್ತಕಕ್ಕೆ, ಪಾತ್ರೆ-ಪಡಗಕ್ಕೆ ಕನ್ನಡ ಮಾತಿನ ಹಳ್ಳಿಗಳ ಜನ ನವಿ ಪೇಠಕ್ಕೆ ಬಂದರು. ವ್ಯಾಪಾರಿಗೆ ಕನ್ನಡ ಬೇಕಾಯಿತು. ಮನೆಮಾತು ಮರಾಠಿ, ತೆಲುಗು, ಗುಜರಾತಿ ಏನೇ ಇರಲಿ, ಗಲ್ಲೆಯ ಮೇಲೆ ಕುಳಿತವನು 'ಬರ್ರಿ, ಏನ್ ತೋರಿಸಲಿ' ಎನ್ನುತ್ತಿದ್ದನು.

ಸ್ವಾತಂತ್ರ್ಯಾನಂತರ ಮೂರು ಬದಲಾವಣೆಗಳಾದವು. ಮೊದಲನೆಯದು ಗಿರಣಿಗಳ ಅವಸಾನ. 1960ರ ದಶಕದಲ್ಲಿ ಜುನಿ ಮಿಲ್, 1990ರ ದಶಕದಲ್ಲಿ ಲಕ್ಷ್ಮೀ-ವಿಷ್ಣು ಮಿಲ್ ಮುಚ್ಚಿದವು. ಪ್ರತಿ ತಿಂಗಳ ಪಗಾರದ ದಿನ ಪೇಟೆಗೆ ಹರಿದು ಬರುತ್ತಿದ್ದ ಹಣದ ಒಂದು ಕಾಲುವೆ ಬತ್ತಿತು.

ಎರಡನೆಯದು ಊರಿನ ಹರಹು. 1901ರಲ್ಲಿ ಸೊಲ್ಲಾಪುರದ ಜನಸಂಖ್ಯೆ 75,288, 2011ರಲ್ಲಿ 9,51,558. 1964ರಲ್ಲಿ ಮಹಾನಗರಪಾಲಿಕೆಯಾದ ಊರಿನ ಸೀಮೆ 1992ರಲ್ಲಿ ಸುಮಾರು 33 ಚದರ ಕಿಲೋಮೀಟರಿನಿಂದ 178 ಚದರ ಕಿಲೋಮೀಟರಿಗೆ ವಿಸ್ತರಿಸಿತು. ಜುಳೆ ಸೊಲ್ಲಾಪುರ, ಹೋಟಗಿ ರಸ್ತೆ, ವಿಜಾಪುರ ರಸ್ತೆಗಳ ಕಡೆ ಮನೆಗಳೂ ಅವುಗಳ ಹಿಂದೆಯೇ ಅಂಗಡಿಗಳೂ ಹೋದವು. ಪೇಟೆಗೆ ನಡೆದು ಬರುತ್ತಿದ್ದವರು ಮೋಟಾರ್ ಸೈಕಲ್ಲಿನಲ್ಲಿ, ಕಾರಿನಲ್ಲಿ ಬರಬೇಕಾಯಿತು. ಬಂದರೆ ನಿಲ್ಲಿಸಲು ಜಾಗವಿಲ್ಲ. ಜಾಗ ಸಿಗದವರು ಎರಡನೆಯ ಸಲ ಬರುವುದಿಲ್ಲ.

ಮೂರನೆಯದು ಕಾನೂನಿನ ಮಾತು. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಬಾಡಿಗೆದಾರರನ್ನು ರಕ್ಷಿಸಿತು; ಅದು ಆಗ ಅವಶ್ಯವೂ ಆಗಿತ್ತು. ಆದರೆ ಬಾಡಿಗೆ ಅಂದಿನ ಮಟ್ಟದಲ್ಲಿಯೇ ನಿಂತಿತು, ಪಗಡಿ ಪದ್ಧತಿ ಬೆಳೆಯಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಪಗಡಿಗೆ ಮಾನ್ಯತೆ ಕೊಟ್ಟರೂ ಹಳೆಯ ಕಟ್ಟಡಗಳ ತೊಡಕು ತೀರಲಿಲ್ಲ. ಕೈಗೆ ಬರುವ ಬಾಡಿಗೆಯಲ್ಲಿ ಮಾಲೀಕನು ದುರಸ್ತಿ ಮಾಡಿಸಲಾರನು, ವ್ಯಾಪಾರ ನಿಲ್ಲಿಸಿದರೂ ಬಾಡಿಗೆದಾರನು ಹಕ್ಕು ಬಿಡಲಾರನು, ವಾರಸುದಾರರಲ್ಲಿ ಒಮ್ಮತವಿಲ್ಲ. ಬೀಗಕ್ಕೆ ತುಕ್ಕು ಹಿಡಿಯುತ್ತದೆ. ಇತ್ತ ಕೆಳಗಿನ ರಸ್ತೆಯಲ್ಲಿ ಜಾಗಕ್ಕಾಗಿ ಜಗಳ ನಡೆದಿರುತ್ತದೆ.

ಆದ್ದರಿಂದ ರಸ್ತೆಯನ್ನು ಅಗಲ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ನಾವು ಒಪ್ಪಲಾರೆವು. ಮುಂಭಾಗ ಕಡಿದು ಅಗಲಗೊಳಿಸಿದ ರಸ್ತೆಯಲ್ಲಿ ವಾಹನ ಬೇಗ ಹಾಯ್ದು ಹೋದೀತು; ಪೇಟೆಗೆ ಬೇಕಾದುದು ಹಾಯ್ದು ಹೋಗುವವನಲ್ಲ, ನಿಂತು ಕೊಳ್ಳುವವನು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ಕೊನೆಗೆ ವಾರಾಂತ್ಯಗಳಲ್ಲಿ ವಾಹನ ನಿಲ್ಲಿಸಿ ನಡೆಯುವವರಿಗೆ ದಾರಿ ಬಿಟ್ಟರು. ಪುಣೆಯ ಲಕ್ಷ್ಮೀ ರಸ್ತೆಯಲ್ಲಿಯೂ 2021ರಲ್ಲಿ ಪಾದಚಾರಿ ದಿನವನ್ನು ಆಚರಿಸಿದರು. ಎಲ್ಲ ಊರಿಗೂ ಒಂದೇ ಮದ್ದು ಹತ್ತುವುದಿಲ್ಲವಾದರೂ ಪರೀಕ್ಷಿಸಿ ನೋಡಬಹುದಾದ ದಾರಿಗಳಿವೆಯೆಂಬುದು ಇವುಗಳಿಂದ ತಿಳಿಯುತ್ತದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ಸ್ಥಾನ ಪಡೆದ ಸೊಲ್ಲಾಪುರಕ್ಕೆ ಇದು ಶಕ್ತಿ ಮೀರಿದ ಕೆಲಸವಲ್ಲ. ಪೇಟೆಯ ಅಂಚಿನಲ್ಲಿ ವಾಹನ ನಿಲುಗಡೆ, ಒಳಗೆ ನಿಗದಿತ ವೇಳೆಯಲ್ಲಿ ಮಾತ್ರ ಸರಕಿನ ಗಾಡಿ, ಹಬ್ಬದ ದಿನಗಳಲ್ಲಿ ನಡೆಯುವವರಿಗೆ ಮೊದಲ ಹಕ್ಕು — ಇಷ್ಟರಿಂದ ಆರಂಭಿಸಬಹುದು.

ಬೀಗ ಬಿದ್ದ ಅಂಗಡಿಗಳ ವಿಷಯದಲ್ಲಿ ನಮ್ಮ ಸಂಘಕ್ಕೂ ಒಂದು ಪಾತ್ರವಿದೆ. ಈ ಊರಿನಲ್ಲಿ ಕನ್ನಡವನ್ನು ಉಳಿಸಿದವರನ್ನು ನೆನೆಯುವಾಗ ಜಯದೇವಿತಾಯಿ ಲಿಗಾಡೆಯವರನ್ನು, 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ ಶಾಲೆ ಮತ್ತು ಸಮ್ಮೇಳನಗಳ ಜೊತೆಗೆ ಪೇಟೆಯೂ ಭಾಷೆಯನ್ನು ಕಾಯ್ದಿದೆ. ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಹೊರಗೆ ಬಳಕೆ ದೊರೆತದ್ದು ಅಂಗಡಿಯ ಕಟ್ಟೆಯ ಮೇಲೆ. ಬೆಲೆಪಟ್ಟಿ ಅಂಟಿಸಿದ ಮಳಿಗೆಗಳಲ್ಲಿ ಮಾತಿಗೇ ಅವಕಾಶ ಕಡಿಮೆ. ಹಳ್ಳಿಯ ಗಿರಾಕಿ ನವಿ ಪೇಠಕ್ಕೆ ಬರುವುದನ್ನು ಬಿಟ್ಟರೆ ಗಲ್ಲೆಯ ಮೇಲಿನ ಕನ್ನಡಕ್ಕೆ ಕಾರಣವೇ ಇಲ್ಲದಂತಾಗುತ್ತದೆ.

ನಮ್ಮ ಸದಸ್ಯರಲ್ಲಿ ಹಳೆಯ ಪೇಟೆಯಲ್ಲಿ ಕಟ್ಟಡವುಳ್ಳವರಿದ್ದಾರೆ, ವ್ಯಾಪಾರಸ್ಥರಿದ್ದಾರೆ, ವಕೀಲರಿದ್ದಾರೆ. ಮಾಲೀಕರನ್ನೂ ಬಾಡಿಗೆದಾರರನ್ನೂ ಕೂಡಿಸಿ ಮಾತನಾಡಿಸಲು ಇವರಿಗೆ ಸಾಧ್ಯ. ಮುಚ್ಚಿದ ಒಂದು ಅಂಗಡಿ ವಾಚನಾಲಯವಾಗಲಿ, ಇನ್ನೊಂದು ಕೈಮಗ್ಗದವರ ಮಾರಾಟದ ಕೋಣೆಯಾಗಲಿ. ಕೆಲವು ವರ್ಷಗಳ ಲಿಖಿತ ಕರಾರಿನ ಮೇಲೆ ಹೊಸ ವ್ಯಾಪಾರಿಗೆ ದೊರೆಯಲಿ. ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದಾಗ ಸಲಹೆ-ಆಕ್ಷೇಪಣೆ ಸಲ್ಲಿಸುವ ಹಕ್ಕನ್ನು 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ ಎಲ್ಲರಿಗೂ ಕೊಟ್ಟಿದೆ. ಆ ಹಕ್ಕನ್ನು ಬಳಸಿ, ಅಕ್ಕಲಕೋಟೆಯಿಂದ ಬಸ್ಸಿಳಿದು ನಡೆದು ಬರುವವರ ದಾರಿಯೂ ನಕ್ಷೆಯಲ್ಲಿರಲಿ ಎಂದು ಸಂಘವು ಲಿಖಿತವಾಗಿ ಕೇಳಬೇಕು. ಮುಂದಿನ ಸಂಕ್ರಾಂತಿಯ ಜಾತ್ರೆಗೆ ಬರುವ ಬಂಧುಗಳನ್ನು ನವಿ ಪೇಠಕ್ಕೂ ಕರೆದುಕೊಂಡು ಹೋಗಿ, ಅಲ್ಲಿ ಕನ್ನಡದಲ್ಲಿಯೇ ಬೆಲೆ ಕೇಳಬೇಕೆಂದು ಸಂಘದ ಎಲ್ಲ ಕುಟುಂಬಗಳಲ್ಲಿ ನಮ್ಮ ವಿನಂತಿ.