ಹೊಗೆ, ಬೆಂಕಿ ಮತ್ತು ಲಾಜಿಕ್

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸವದತ್ತಿಯ ಗಾಡಿಗಾಗಿ ಕಾದು ಕುಳಿತಿದ್ದಾಗ, ಹಿಂದಿನ ಬಾಕಿನ ಮೇಲಿದ್ದ ತರುಣನೊಬ್ಬನು ತನ್ನ ಗೆಳೆಯನಿಗೆ, "ಭಾರತ ಹುಣ್ಣಿವಿಗೆ ಗುಡ್ಡಕ್ಕ ನಡಕೊಂತ ಹೋಗೂದ್ರಾಗ ಏನ್ ಲಾಜಿಕ್ ಐತಿಲೇ ದೋಸ್ತ?" ಎಂದು ಕೇಳಿದುದು ನನ್ನ ಕಿವಿಗೆ ಬಿದ್ದಿತು. ಅವನ ಸಂದೇಹದ ಮೇಲೆ ನನಗೆ ಕೋಪವಿಲ್ಲ. ನನ್ನ ವ್ಯಥೆಯೆಲ್ಲವೂ ಆ ಶಬ್ದವನ್ನು ಕುರಿತದ್ದು. ಅರ್ಥ, ಹುರುಳು, ಕಾರಣ, ಸಂಬಂಧ, ನ್ಯಾಯ ಎಂಬ ಐದು ಮಾತುಗಳು ತಮ್ಮ ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಂಡಿದ್ದ ನಾಡಿನಲ್ಲಿ ಈಗ ಸಿನಿಮಾಕ್ಕೂ ಲಾಜಿಕ್ ಇಲ್ಲ, ಉಳ್ಳಾಗಡ್ಡಿಯ ದರಕ್ಕೂ ಲಾಜಿಕ್ ಇಲ್ಲ.

ಈ ಶಬ್ದವು ನಮ್ಮ ಸೀಮೆಗೆ ಬಂದಾಗ ಅದಕ್ಕೆ ಇಂತಹ ಸಡಿಲತೆ ಇರಲಿಲ್ಲ. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದು, 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಕಿತ್ತೂರಿನ ಹುಡುಗನಾಗಲಿ ರಾಮದುರ್ಗದ ಹುಡುಗನಾಗಲಿ ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕಾಗಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಮೀಸಲಿರಿಸಿ ಹೋಗದಿದ್ದರೆ ಎಷ್ಟು ಒಕ್ಕಲು ಮಕ್ಕಳಿಗೆ ಆ ದಾರಿಯೂ ಮುಚ್ಚಿರುತ್ತಿತ್ತೋ! ಹಾಗೆ ಹೋದವರು ಇಂಟರ್ ತರಗತಿಯಲ್ಲಿ 'ಬಾರ್ಬರಾ, ಸೆಲಾರೆಂಟ್' ಎಂಬ ಲ್ಯಾಟಿನ್ ಸೂತ್ರವನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು. ಸಂಸ್ಕೃತವನ್ನು ಆರಿಸಿಕೊಂಡವರ ಮೇಜಿನ ಮೇಲೆ ಅನ್ನಂಭಟ್ಟನ ತರ್ಕಸಂಗ್ರಹವೂ ಇರುತ್ತಿತ್ತು. 1897ರಲ್ಲಿ ಮುಂಬಯಿ ಸಂಸ್ಕೃತ ಗ್ರಂಥಮಾಲೆಯಲ್ಲಿ ಆಠಲ್ಯೆಯವರ ಟಿಪ್ಪಣಿಗಳೊಡನೆ ಹೊರಬಂದ ಆವೃತ್ತಿಯಲ್ಲಿ ಅರಿಸ್ಟಾಟಲನೂ ನ್ಯಾಯಶಾಸ್ತ್ರದ ಗೌತಮನೂ ಒಂದೇ ಪುಟದಲ್ಲಿ ಭೇಟಿಯಾಗುತ್ತಿದ್ದರು.

ಅರಿಸ್ಟಾಟಲನ ಅನುಮಾನಕ್ಕೆ ಮೂರು ವಾಕ್ಯಗಳು ಸಾಕು. ನಮ್ಮ ನೈಯಾಯಿಕನಿಗೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಬೇಕು. ಗುಡ್ಡದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ ಎಂದಷ್ಟಕ್ಕೇ ಬಿಡದೆ, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ವ್ಯಾಪ್ತಿಗೆ ಅವನು ಕೇಳುವವನ ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಒಲೆಯನ್ನು ತೋರಿಸುತ್ತಾನೆ. 'ಬೆಂಕಿಯಿಲ್ಲದೆ ಹೊಗೆಯಾಡದು' ಎಂಬ ನಮ್ಮ ಗಾದೆಯು ಇಂಗ್ಲಿಷಿನಿಂದ ಬಂದಿತೆಂದು ಹೇಳುವವರನ್ನು ಕಂಡರೆ ನನಗೆ ಸೈರಣೆಯಿಲ್ಲ. ಅದು ಪಾಠಶಾಲೆಯ ಜಗಲಿಯಿಂದ ನೇರವಾಗಿ ನಮ್ಮ ಅಡಿಗೆಮನೆಗೆ ಇಳಿದು ಬಂದ ತರ್ಕದ ತುಣುಕೆಂಬುದು ನನ್ನ ದೃಢವಾದ ನಂಬಿಕೆ. ಇಲ್ಲವಾದರೆ ಅನ್ನಂಭಟ್ಟನ ಉದಾಹರಣೆಯೂ ನಮ್ಮ ಅಜ್ಜಿಯ ಒಲೆಯೂ ಒಂದೇ ಆಗುವುದು ಹೇಗೆ? ಹಸಿ ಹತ್ತಿಕಟಿಗೆಯನ್ನು ತುರುಕಿ, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗಿಸಿಕೊಳ್ಳುತ್ತಿದ್ದ ಅವಳಿಗೆ ವ್ಯಾಪ್ತಿಯೆಂದರೇನೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನು ಇದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆ ಎನ್ನಲಾಗದು. ಕಮ್ಮಾರಸಾಲೆಯಲ್ಲಿ ನಿಗಿನಿಗಿ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಶಾಸ್ತ್ರವೂ ಇದೇ ಗುಂಡನ್ನು ಎತ್ತಿ ತೋರಿಸುತ್ತದೆ.

ಗಾದೆ ಇಂದು ಎಷ್ಟು ಕೆಟ್ಟಿದೆಯೆಂದರೆ, ಯಾವನದೋ ಹೆಸರು ಕೆಡಿಸಬೇಕಾದಾಗ ಮಾತ್ರ ಅದು ಜನರ ಬಾಯಿಗೆ ಬರುತ್ತದೆ. ಹೇತುವಿಲ್ಲ, ಉದಾಹರಣೆಯಿಲ್ಲ, ಸುದ್ದಿಯೇ ಹೊಗೆ, ಹೊಗೆಯೇ ತೀರ್ಪು. ಆವಿಯನ್ನು ಕಂಡು ಹೊಗೆಯೆಂದು ಭ್ರಮಿಸಿದವನ ಅನುಮಾನವು ನಿಲ್ಲದೆಂದು ನೈಯಾಯಿಕರು ಎಚ್ಚರಿಸಿದ್ದನ್ನು ಈಗ ನೆನೆಯುವವರು ಯಾರು? ಚಳಿಗಾಲದ ಬೆಳಗಿನಲ್ಲಿ ಸವದತ್ತಿಯ ಗುಡ್ಡದ ಮೇಲೆ ನಿಂತು ಮಲಪ್ರಭೆಯ ಕಡೆಗೆ ನೋಡಿದವರಿಗೆ ಆ ಭ್ರಾಂತಿ ಎಷ್ಟು ಸಹಜವೆಂಬುದು ತಿಳಿದೀತು. ನೀರಿನ ಮೇಲೆ ಎದ್ದ ಬೆಳ್ಳನೆಯ ಮಂಜು, ಯಾರೋ ರವದಿಗೆ ಬೆಂಕಿಯಿಟ್ಟಂತೆಯೇ ತೋರುತ್ತದೆ.

ಧಾರವಾಡದಲ್ಲಿ ಇಂಟರ್‌ವರೆಗೆ ಓದಿ, ಮಳೆ ಕೈಕೊಟ್ಟ ವರ್ಷ ಊರಿಗೆ ಮರಳಿ ಕಮತಕ್ಕೆ ನಿಂತ ನಮ್ಮ ದೊಡ್ಡಜ್ಜನ ಟ್ರಂಕಿನಲ್ಲಿ ಜೆವನ್ಸನ ಲಾಜಿಕ್ ಪುಸ್ತಕವು ಬೇವಿನೆಲೆಯ ನಡುವೆ ಬಹುಕಾಲ ಇದ್ದಿತು. ಆತನು ಆ ಶಬ್ದವನ್ನು ಬಾಯಲ್ಲಿ ಆಡಿದುದನ್ನು ನಾನು ಕೇಳಿಲ್ಲ. ಆದರೆ ಕಟ್ಟೆಯ ಮೇಲೆ ಯಾರಾದರೂ ಪರರ ಮನೆಯ ಮಾತೆತ್ತಿ, "ಬೆಂಕಿ ಇಲ್ಲದ ಹೊಗಿ ಆಡತೈತೇನ್ರಿ ಗೌಡ್ರ?" ಎಂದರೆ, ಎಲೆಗೆ ಸುಣ್ಣ ಸವರುತ್ತಿದ್ದ ಬೆರಳನ್ನು ನಿಲ್ಲಿಸಿ ಕೇಳುತ್ತಿದ್ದನು: "ಹೊಗಿ ಐತೋ, ಮಂಜ ಐತೋ, ಸನೇಕ ಹೋಗಿ ನೋಡೀ ಏನು?"