‘ಟೆಸ್ಟ್ ಆಗಿದೆ’ ಅಂದ್ರೆ ಯಾವ ಟೆಸ್ಟ್? ಹಾರ್ಮೋನ್ ಕೆಡಿಸುವ ರಾಸಾಯನಿಕಗಳ ಲ್ಯಾಬ್ ಪರೀಕ್ಷೆ

ತೋಟದ ಕೆಲಸದಲ್ಲಿ ಕೀಟನಾಶಕ ಬೆರೆಸುವಾಗ, ಅಂಗಡಿಯಲ್ಲಿ ಮಗುವಿಗೆ ಹಾಲಿನ ಬಾಟಲಿ ಕೊಳ್ಳುವಾಗ ನಾವು ಕೇಳುವ ಮಾತು ಒಂದೇ: “ಇದು ಟೆಸ್ಟ್ ಆಗಿರೋದು, ಭಯ ಬೇಡ.” ಯಾವ ಟೆಸ್ಟ್ ಅಂತ ಕೇಳುವವರು ಕಡಿಮೆ. ಒಂದು ರಾಸಾಯನಿಕ ತಕ್ಷಣ ವಿಷವಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಬೇರೆ, ಅದು ಹಾರ್ಮೋನಿಗೆ ತೊಂದರೆ ಕೊಡುತ್ತದೆಯೇ ಎಂದು ನೋಡುವ ಪರೀಕ್ಷೆ ಬೇರೆ.

ಹಾರ್ಮೋನಿಗೆ ಏನಾಗುತ್ತದೆ?

ಹಾರ್ಮೋನ್ ಅಂದರೆ ಗ್ರಂಥಿಗಳು ರಕ್ತದ ಮೂಲಕ ಕಳಿಸುವ ಸಂದೇಶ. ಮಕ್ಕಳ ಬೆಳವಣಿಗೆ, ಮುಟ್ಟು, ಗರ್ಭ, ವೀರ್ಯ, ಥೈರಾಯ್ಡ್ ಎಲ್ಲವೂ ಇದರ ಮೇಲೆ ನಿಂತಿವೆ. ಹಾರ್ಮೋನ್ ಬಹಳ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕುತ್ತವೆ, ಕೆಲವು ಅದರ ದಾರಿಗೆ ಅಡ್ಡ ನಿಲ್ಲುತ್ತವೆ. ಹೊಟ್ಟೆಯಲ್ಲಿರುವ ಮಗುವಿಗೆ ಮತ್ತು ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು.

ಲ್ಯಾಬ್‌ನಲ್ಲಿ ಆಕಸ್ಮಿಕವಾಗಿ ಸಿಕ್ಕ ಸುಳಿವು

1980ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆನಾ ಸೋಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಆ ಕೋಶಗಳು ಈಸ್ಟ್ರೋಜನ್ ಸಿಕ್ಕರೆ ಬೇಗ ಹೆಚ್ಚುತ್ತವೆ. ಆದರೆ ಈಸ್ಟ್ರೋಜನ್ ಹಾಕದಿದ್ದರೂ ಹೆಚ್ಚತೊಡಗಿದವು! ಹುಡುಕುತ್ತಾ ಹೋದಾಗ ತಪ್ಪು ಪ್ಲಾಸ್ಟಿಕ್ ಟ್ಯೂಬಿನದ್ದು ಅಂತ ಗೊತ್ತಾಯ್ತು. ಅದರಿಂದ ನೊನೈಲ್‌ಫಿನಾಲ್ ಎಂಬ ರಾಸಾಯನಿಕ ಸೋರುತ್ತಿತ್ತು. 1991ರಲ್ಲಿ ಇದು ಪ್ರಕಟವಾಯಿತು. ಇದೇ ಕೋಶಗಳನ್ನು ಬಳಸುವ ವಿಧಾನಕ್ಕೆ ‘ಇ-ಸ್ಕ್ರೀನ್’ ಎಂದು ಹೆಸರು.

ಪರೀಕ್ಷೆ ಹೇಗೆ ಮಾಡ್ತಾರೆ?

1. ಕೋಶ ಪರೀಕ್ಷೆ: ರಾಸಾಯನಿಕ ಹಾಕಿದಾಗ ಕೋಶಗಳು ಹಾರ್ಮೋನ್ ಸಿಕ್ಕಂತೆ ವರ್ತಿಸುತ್ತವೆಯೇ ಎಂದು ನೋಡುವುದು.

2. ಹೆಣ್ಣು ಇಲಿ: ಸ್ವಂತ ಈಸ್ಟ್ರೋಜನ್ ತೀರಾ ಕಡಿಮೆ ಇರುವ ಇಲಿಗೆ ಕನಿಷ್ಠ 3 ದಿನ ರಾಸಾಯನಿಕ ಕೊಟ್ಟು ಗರ್ಭಕೋಶ ತೂಗುತ್ತಾರೆ. ತೂಕ ಹೆಚ್ಚಿದ್ದರೆ ಅದು ಈಸ್ಟ್ರೋಜನ್‌ನಂತೆ ವರ್ತಿಸುತ್ತಿದೆ ಎಂದರ್ಥ.

3. ಗಂಡು ಇಲಿ: ಬೀಜ ತೆಗೆದ ಇಲಿಗೆ 10 ದಿನ ಕೊಟ್ಟು ಪ್ರಾಸ್ಟೇಟ್ ಮುಂತಾದ ಅಂಗಗಳನ್ನು ತೂಗುತ್ತಾರೆ. ಗಂಡು ಹಾರ್ಮೋನಿನ ಮೇಲಾಗುವ ಪರಿಣಾಮ ಇದರಲ್ಲಿ ತಿಳಿಯುತ್ತದೆ.

4. ಗೊದಮೊಟ್ಟೆ: ಗೊದಮೊಟ್ಟೆ ಕಪ್ಪೆಯಾಗಲು ಥೈರಾಯ್ಡ್ ಹಾರ್ಮೋನ್ ಬೇಕು. ರಾಸಾಯನಿಕ ಬೆರೆಸಿದ ನೀರಿನಲ್ಲಿ 21 ದಿನ ಇಟ್ಟು ಹಿಂಗಾಲು ಬೆಳೆಯುವುದನ್ನು ಗಮನಿಸುತ್ತಾರೆ.

ಅಮೆರಿಕ 1996ರಲ್ಲೇ ಇಂಥ ತಪಾಸಣೆಗೆ ಕಾನೂನು ಮಾಡಿತು. ಮೊದಲ ಪಟ್ಟಿಯ 67 ರಾಸಾಯನಿಕಗಳಿಗೆ ಪರೀಕ್ಷೆಯ ಆದೇಶ ಹೊರಟದ್ದು 2009ರಲ್ಲಿ. ನಡುವೆ 13 ವರ್ಷ ಕಳೆದಿತ್ತು.

ನಮ್ಮೂರಿನ ಪಾಠ: ಎಂಡೋಸಲ್ಫಾನ್

ಎಂಡೋಸಲ್ಫಾನ್ ದುರ್ಬಲವಾಗಿಯಾದರೂ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ ಎಂದು ಸೋಟೊ ತಂಡದ ಕೋಶ ಪರೀಕ್ಷೆ 1994ರಲ್ಲೇ ತೋರಿಸಿತ್ತು. ಆಗ ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಅದನ್ನೇ ಸಿಂಪಡಿಸುತ್ತಿದ್ದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯೂ ಅದೇ ಕಥೆ. ಕಾಸರಗೋಡಿನಲ್ಲಿ ಸಿಂಪಡಣೆ ನಿಂತದ್ದು 2000ದ ಕೊನೆಗೆ.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ ಪಡ್ರೆ ಗ್ರಾಮದ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ವರದಿ ಬಂತು. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಸಂಖ್ಯೆ ಸಣ್ಣದು, ಇದೊಂದೇ ಅಂತಿಮ ಪುರಾವೆ ಅಲ್ಲ ಎಂದು ಸಂಶೋಧಕರೇ ಹೇಳಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಲ್ಯಾಬ್‌ನಲ್ಲಿ ಕಂಡದ್ದು ಆದೇಶವಾಗಲು 17 ವರ್ಷ ಹಿಡಿಯಿತು.

ಫಲಿತಾಂಶ ಓದೋದು ಹೇಗೆ?

ಕೋಶ ಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದರೆ ಮನುಷ್ಯರಿಗೆ ಕಾಯಿಲೆ ಖಚಿತ ಎಂದಲ್ಲ, ಮುಂದಿನ ಹಂತದ ಪರೀಕ್ಷೆ ಬೇಕು ಎಂದರ್ಥ. ಒಂದರಲ್ಲಿ ‘ನೆಗೆಟಿವ್’ ಬಂದರೆ ಪೂರ್ತಿ ಸುರಕ್ಷಿತ ಎಂದೂ ಅಲ್ಲ. ಈಸ್ಟ್ರೋಜನ್ ಪರೀಕ್ಷೆ ಥೈರಾಯ್ಡ್ ಬಗ್ಗೆ ಏನೂ ಹೇಳುವುದಿಲ್ಲ. ‘ಬಿಪಿಎ ಫ್ರೀ’ ಬಾಟಲಿಯೂ ಹಾಗೆಯೇ: ಬಿಪಿಎ ಬದಲಿಗೆ ಬಂದ ಬಿಪಿಎಸ್, ಬಿಪಿಎಫ್‌ಗಳೂ ಲ್ಯಾಬ್‌ನಲ್ಲಿ ಈಸ್ಟ್ರೋಜನ್ ಗುಣ ತೋರಿಸಿವೆ.

ನಾವು ಮಾಡಬಹುದಾದದ್ದು

• ಕೆಲಸದಲ್ಲಿ ರಾಸಾಯನಿಕ ಮುಟ್ಟುವವರು ಅದರ ‘ಸೇಫ್ಟಿ ಡೇಟಾ ಶೀಟ್’ ಕೇಳಿ. ಅದರ 2ನೇ ಭಾಗದಲ್ಲಿ ಎಚ್360 ಅಥವಾ ಎಚ್361 ಎಂದಿದ್ದರೆ ಸಂತಾನಶಕ್ತಿಗೋ ಗರ್ಭದ ಮಗುವಿಗೋ ಅಪಾಯವಿದೆ, ಇಲ್ಲವೇ ಅಪಾಯದ ಶಂಕೆಯಿದೆ. ಯಾವ ಗ್ಲೌಸ್, ಯಾವ ಮಾಸ್ಕ್ ಎಂಬುದು 8ನೇ ಭಾಗದಲ್ಲಿರುತ್ತದೆ.
• ಔಷಧಿ ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಖಾಲಿ ಕ್ಯಾನನ್ನು ನೀರು ತುಂಬಲು ರೂಮಿಗೆ ತರಲೇಬೇಡಿ.
• ಬಿಸಿ ಸಾರು, ಚಹಾ, ಮಗುವಿನ ಹಾಲಿಗೆ ಸ್ಟೀಲ್ ಅಥವಾ ಗಾಜು ಒಳ್ಳೆಯದು. ಬಿಸಿಯಾದಷ್ಟೂ ಪ್ಲಾಸ್ಟಿಕ್‌ನಿಂದ ಸೋರುವುದು ಹೆಚ್ಚು.
• ಮಕ್ಕಳಾಗುವುದು ತಡವಾದರೆ ಹೆಂಡತಿಯನ್ನಷ್ಟೇ ಪರೀಕ್ಷೆಗೆ ಕಳಿಸಬೇಡಿ. ನೀವೂ ಹೋಗಿ, ಯಾವ ರಾಸಾಯನಿಕದ ಜೊತೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಅಂತ ಡಾಕ್ಟರಿಗೆ ತಿಳಿಸಿ.

ಇನ್ನು ಮುಂದೆ ಯಾರಾದರೂ ‘ಟೆಸ್ಟ್ ಆಗಿದೆ’ ಅಂದರೆ, ಯಾವುದಕ್ಕೆ ಟೆಸ್ಟ್ ಆಗಿದೆ ಅಂತ ಒಮ್ಮೆ ಕೇಳಿ.