ಕೆರೆಯ ಹಾಸುಹಾಳೆಯೂ ಬಿರುಕಿನ ಪರೀಕ್ಷೆಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಮಳೆಗೆ ಕೊರತೆಯಿಲ್ಲ. ನೀರು ನಿಲ್ಲುವುದಕ್ಕೆ ಕೊರತೆಯುಂಟು. ಮುರಕಲ್ಲಿನ ನೆಲವು ರಂಧ್ರಮಯವಾದುದರಿಂದ ಆಷಾಢದಲ್ಲಿ ತುಂಬಿದ ಹೊಂಡ ಬೇಸಗೆಗೆ ಮೊದಲೇ ಬತ್ತುವುದುಂಟು. ಜೇಡಿಮಣ್ಣು ಮೆತ್ತುವುದು ಹಳೆಯ ಉಪಾಯ, ಪ್ಲಾಸ್ಟಿಕ್ ಹಾಳೆ ಹಾಸುವುದು ಹೊಸದು. ಅಡಕೆ ತೋಟವೊಂದು ಈ ಹಾಳೆಯನ್ನೇ ನಂಬಿರುವಾಗ, ಅದು ಎಷ್ಟು ಕಾಲ ಬಾಳೀತೆಂಬುದನ್ನು ಜನರು ಹೇಗೆ ಅರಿತರೆಂಬ ಚರಿತ್ರೆ ವಿಚಾರಾರ್ಹವಾದುದು.

ಪಾಲಿಥಿನ್ ೧೯೩೩ರಲ್ಲಿ ಇಂಗ್ಲೆಂಡಿನಲ್ಲಿ ದೊರೆಯಿತು. ಅದನ್ನು ದೂರವಾಣಿ ತಂತಿಗಳಿಗೆ ಹೊದಿಸಿದಾಗ ವಿಚಿತ್ರವೊಂದು ಕಂಡುಬಂದಿತು. ಬಲವಾಗಿ ಎಳೆದರೆ ಹಿಗ್ಗುವ ಈ ವಸ್ತು, ಅಲ್ಪ ಎಳೆತಕ್ಕೆ ಬಹುಕಾಲ ಸಿಕ್ಕಿದರೆ, ಅದರಲ್ಲಿಯೂ ಸಾಬೂನಿನಂಥ ದ್ರವ ಸೋಂಕಿದರೆ, ಹಿಗ್ಗದೆಯೇ ಗಾಜಿನಂತೆ ಬಿರಿಯುತ್ತದೆ. ಗಟ್ಟಿ ಪದರಗಳನ್ನು ಬಂಧಿಸಿದ ಅಣುತಂತುಗಳು ಮೆಲ್ಲಗೆ ಬಿಡಿಸಿಕೊಳ್ಳುವುದೇ ಇದಕ್ಕೆ ಕಾರಣ. ಆದುದರಿಂದ ‘ಎಷ್ಟು ಬಲ?’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಎಷ್ಟು ಹೊತ್ತು?’ ಎಂಬುದನ್ನೂ ಕೇಳಬೇಕಾಯಿತು.

೧೯೫೦ರ ದಶಕದ ಪರೀಕ್ಷೆಯಲ್ಲಿ ಸೀಳುಗೆರೆಯೆಳೆದ ತುಂಡುಗಳನ್ನು ಬಾಗಿಸಿ ಮಾರ್ಜಕ ದ್ರವದಲ್ಲಿ ಮುಳುಗಿಸಿ, ಅರ್ಧದಷ್ಟು ಬಿರಿಯುವ ಸಮಯವನ್ನು ಗುರುತಿಸುತ್ತಿದ್ದರು. ಬಾಗಿದ ತುಂಡಿನ ಬಿಗಿ ಕ್ರಮೇಣ ಸಡಿಲುವುದು ಇದರ ದೋಷ, ಬಿರಿಯದಿರುವುದೆಲ್ಲ ಗುಣವೆನ್ನಲಾಗದು. ೧೯೯೦ರ ದಶಕದಲ್ಲಿ ಸ್ಥಿರಭಾರದ ಪರೀಕ್ಷೆ ರೂಢಿಗೆ ಬಂದಿತು. ದಪ್ಪದ ಐದನೆಯ ಒಂದು ಪಾಲಿನಷ್ಟು ಸೀಳನ್ನು ಮಾಡಿ, ೫೦ ಡಿಗ್ರಿ ಸೆಲ್ಸಿಯಸ್ ಉಷ್ಣದ ದ್ರವದಲ್ಲಿ ಭಾರ ತೂಗಿಬಿಡುತ್ತಾರೆ. ಇಂದಿನ ಒಂದು ಪ್ರಸಿದ್ಧ ಮಾನಕದಂತೆ ಅದು ೫೦೦ ತಾಸು ತಾಳಬೇಕು.

ಬಿರುಕುಗಳು ಬಹುಮಟ್ಟಿಗೆ ಬೆಸುಗೆಯ ಬದಿಯಲ್ಲಿ ಹುಟ್ಟುತ್ತವೆ. ಅತಿಯಾದ ಕಾವು, ಉಜ್ಜಿದ ಗೀರು, ದಪ್ಪದಲ್ಲಿನ ಹಠಾತ್ ವ್ಯತ್ಯಾಸ ಇವೆಲ್ಲ ಅಲ್ಲಿ ಎಳೆತವನ್ನು ಕೂಡಿಸುತ್ತವೆ. ಬೆಸುಗೆಯ ತುಂಡನ್ನು ಸುಲಿದು, ಎಳೆದು ನೋಡುವ ಪರೀಕ್ಷೆಗಳೋ ಆ ಹೊತ್ತಿನ ಬಲವನ್ನಷ್ಟೇ ಹೇಳುತ್ತವೆ. ಕಾರ್ಖಾನೆಯ ಹಾಳೆಗೆ ಪ್ರಮಾಣಪತ್ರವಿರುತ್ತದೆ. ಹೊಂಡದ ದಡದಲ್ಲಿ ಧೂಳು ಗಾಳಿಗಳ ನಡುವೆ ಹಾಕಿದ ಬೆಸುಗೆಗೆ, ಹಾಕಿದವನ ಕೈಯೊಂದೇ ಸಾಕ್ಷಿ. ದಾಖಲೆಗಳನ್ನೇ ನಂಬಿ ಬಾಳುವ ನಮ್ಮಂಥವರಿಗೆ ಇದು ಪರಿಚಿತ ಸಂಕಟವೇ ಸರಿ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸ್ಥಿರಭಾರದ ಪರೀಕ್ಷೆ ದಪ್ಪನೆಯ ನುಣುಪು ಹಾಳೆಗಾಗಿ ಹುಟ್ಟಿದುದು. ಕೃಷಿಹೊಂಡಗಳಿಗೆ ಹಾಸುವ, ನೇಯ್ದು ಲೇಪಿಸಿದ ಹಾಳೆಗೆ ಭಾರತೀಯ ಮಾನಕ ೧೫೩೫೧ ಬೇರೆಯೇ ಉಂಟು. ಒಂದರ ತಾಸುಗಳನ್ನು ಇನ್ನೊಂದಕ್ಕೆ ಆರೋಪಿಸುವುದು ಸಲ್ಲದು. ಹಾಸುವ ದಿನವೇ ಬೆಸುಗೆಯ ಒಂದು ತುಂಡನ್ನು ಕತ್ತರಿಸಿ, ದಿನಾಂಕ ಬರೆದು ತೆಗೆದಿರಿಸಿದರೆ, ಹತ್ತು ವರ್ಷಗಳ ಮೇಲೆ ಹೊಂಡದ ಬೆಸುಗೆಯನ್ನು ಅದರೊಡನೆ ಹೋಲಿಸಿ ನೋಡಬಹುದು.